ಬೆನ್ನ ಹಿಂದಿನ ಸದ್ದು

ದರ್ಜಿಯ ಮಗಳಿಗೆ ನಾಲ್ಕು ವರ್ಷ. ಮುಖ ದುಂಡಗಿದ್ದುದರಿಂದ ಮನೆಯವರ ಬಾಯಲ್ಲಿ ಅವಳು ಗುಂಡಿ. ಹುಟ್ಟಿನಿಂದ ಕಿವಿ ಮಂದ. ಎರಡು ತಿಂಗಳ ಹಿಂದಷ್ಟೇ ಶ್ರವಣಯಂತ್ರ ಬಂದಿತ್ತು. ಯಂತ್ರ ಹಾಕಿದರೆ ಮುಗಿಯಲಿಲ್ಲ, ಕೇಳುವುದನ್ನು ಮನೆಯಲ್ಲಿ ಕಲಿಸಬೇಕು ಎಂದಿದ್ದರು ಮಾತು ಕಲಿಸುವ ಟೀಚರು. ಮಗುವಿನ ಬೆನ್ನ ಹಿಂದೆ ಸದ್ದು ಮಾಡಿ, ತಿರುಗಿದರೆ ಮೆಚ್ಚಿಕೊಳ್ಳಿ ಎಂದೂ ಹೇಳಿದ್ದರು.

ಹಾಗೇ ಮಾಡಿದರು. ಎದುರಿಗೆ ಅಮ್ಮ ಗೊಂಬೆ ಹಿಡಿದು ಕೂರುವುದು, ಹಿಂದಿನಿಂದ ಅಪ್ಪ ತಟ್ಟೆಗೆ ಚಮಚ ಬಡಿಯುವುದು. ಹತ್ತಕ್ಕೆ ಹತ್ತು ಸಲವೂ ಗುಂಡಿ ತಿರುಗುತ್ತಿದ್ದಳು. ದರ್ಜಿ ಬೀಗಿದ್ದೇ ಬೀಗಿದ್ದು. ಗಿರಾಕಿಗಳ ಸೊಂಟದ ಅಳತೆ ತೆಗೆಯುವಾಗಲೂ ಅದೇ ಮಾತು. ಮುಂದಿನ ಭೇಟಿಯಲ್ಲಿ ಟೀಚರಿಗೂ ಇದನ್ನೇ ಹೇಳುವುದಿತ್ತು. ಅದನ್ನು ಕೇಳಿಯೇ ಅವರು ಯಂತ್ರ ಸರಿಹೊಂದಿದೆಯೋ, ಬದಲಿಸಬೇಕೋ ಎಂದು ತೀರ್ಮಾನಿಸುವವರು.

ಭೇಟಿಯ ಹಿಂದಿನ ದಿನ ಬೆಳಿಗ್ಗೆ ದರ್ಜಿ ಚಮಚ ಎತ್ತಿದ. ಅಷ್ಟರಲ್ಲಿ ಸೀನು ಬಂದಂತಾಗಿ ಕೈ ಅಲ್ಲೇ ನಿಂತಿತು. ಸೀನೂ ಬರಲಿಲ್ಲ, ಚಮಚವೂ ಬಡಿಯಲಿಲ್ಲ. ಗುಂಡಿ ಮಾತ್ರ ತಿರುಗಿ ನಕ್ಕಳು.

ದರ್ಜಿ ಕೈಯಲ್ಲಿದ್ದ ಚಮಚ ನೋಡಿದ. "ನಾನು ಹೊಡೀಲೇ ಇಲ್ವಲ್ಲೇ!"

"ಮತ್ತೆ ತಿರುಗಿದ್ಲಲ್ರೀ?" ಎಂದಳು ಹೆಂಡತಿ.

ದರ್ಜಿ ಇನ್ನೊಮ್ಮೆ ಚಮಚ ಎತ್ತಿದ. ಈ ಸಲ ಅವನ ಕಣ್ಣು ಹೆಂಡತಿಯ ಮೇಲಿತ್ತು. ಚಮಚದ ಜೊತೆಗೇ ಅವಳ ಹುಬ್ಬುಗಳೂ ಮೇಲೇರಿದವು.

"ನಿನ್ನ ಹುಬ್ಬು ಕಣೇ! ಇಷ್ಟು ದಿನ ಇವಳು ನೋಡ್ಕೊಂಡು ತಿರುಗಿದ್ದು ನಿನ್ನ ಹುಬ್ಬನ್ನ!"

ಹೆಂಡತಿ ಹಣೆ ಮುಟ್ಟಿಕೊಂಡಳು. "ಹಾಗಾದ್ರೆ ಮಗೂಗೆ ಏನೂ ಕೇಳ್ಸಲ್ವೇನ್ರೀ?"

ದರ್ಜಿಯ ತಲೆಯೊಳಗೆ ಹುಳ ಬಿಟ್ಟಂತಾಯಿತು. ಹೆಂಡತಿಯನ್ನು ಹುಬ್ಬುಗಳ ಸಮೇತ ಅಡುಗೆಮನೆಗೆ ಅಟ್ಟಿದ. ಹೊಲಿಗೆ ಕೋಣೆಯ ಕನ್ನಡಿಗೆ ಬಟ್ಟೆ ಹೊದಿಸಿದ. ಗುಂಡಿಯನ್ನು ಗೋಡೆಯತ್ತ ಕೂರಿಸಿ, ಮುಂದೆ ಗೊಂಬೆ ಇಟ್ಟು, ಚಮಚ ಬಡಿದ. ಅವಳು ಅಲುಗಲಿಲ್ಲ. ಕರೆದ. ಊಹೂಂ. ಕತ್ತರಿ ಆಡಿಸಿದ, ಕೆಮ್ಮಿದ, ಕೋಳಿಯಂತೆ ಕೂಗಿದ. ಅವಳು ಗೊಂಬೆಗೆ ಅಂಗಿ ತೊಡಿಸುತ್ತಲೇ ಇದ್ದಳು. ದರ್ಜಿಗೆ ಅಳು ಬಂತು.

ಆದರೂ ಗಿರಾಕಿಯ ಪರದೆ ಕಾಯುವುದಿಲ್ಲವಲ್ಲ. ಕಣ್ಣೊರೆಸಿಕೊಂಡು ಅಲ್ಲೇ ಅವಳ ಹಿಂದೆ ನಿಂತು, ಬಟ್ಟೆಯ ಅಂಚಿಗೆ ಕತ್ತರಿಯಿಂದ ಕಚ್ಚು ಕೊಟ್ಟು, ಅಳತೆಗೆ ಹರಿಯಲು ಎರಡೂ ಕೈಯಲ್ಲಿ ಎಳೆದ. ಪರ್ರ್!

ಗುಂಡಿಯ ಕೈ ನಿಂತಿತು. ನಿಧಾನವಾಗಿ ತಿರುಗಿದಳು. ಈ ಸಲ ಅವಳ ಹುಬ್ಬುಗಳೇ ಮೇಲೇರಿದ್ದವು.

ದರ್ಜಿ ಅವಳನ್ನು ಮತ್ತೆ ಗೋಡೆಯತ್ತ ತಿರುಗಿಸಿ ಸುಮ್ಮನೆ ನಿಂತ. ಅವಳೂ ಸುಮ್ಮನಿದ್ದಳು. ಎಳೆದ. ತಿರುಗಿದಳು! ಚಮಚ ಕೇಳಿಸಿರಲೇ ಇಲ್ಲವೋ, ಕೇಳಿಸಿಯೂ ಬೇಡವಾಗಿತ್ತೋ? ಅದನ್ನು ಟೀಚರನ್ನೇ ಕೇಳಬೇಕು. ಇದಂತೂ ಕೇಳಿಸಿತ್ತು.

ಗುಂಡಿ ಎದ್ದುಬಂದು ಅರ್ಧ ಹರಿದ ತುಂಡನ್ನು ಕಸಿದುಕೊಂಡಳು. ಅಪ್ಪನನ್ನು ತಳ್ಳಿ ತಳ್ಳಿ ಗೋಡೆಯತ್ತ ಕೂರಿಸಿ, ಹಿಂದೆ ಹೋದಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣಗೆ, ಪರ್ರ್.

ದರ್ಜಿ ತಿರುಗಿದ. ಅಪ್ಪನಿಗೂ ಕೇಳಿಸುತ್ತದೆ ಎಂದು ಖಾತ್ರಿಯಾದ ಮೇಲೆ ಗುಂಡಿ ಬಟ್ಟೆ ಎತ್ತಿಕೊಂಡು, ಅಮ್ಮನನ್ನು ಪರೀಕ್ಷಿಸಲು ಅಡುಗೆಮನೆಗೆ ಓಡಿದಳು.