ಅಮರಗುಂಡಪ್ಪ ಹಿಡಿದ ಎಲೆ-ಅಡಿಕೆ

ನಮ್ಮ ಕಡೆಯ ಊರುಗಳಲ್ಲಿ ಮಾತು ಮುಗಿಯಿತು ಎನ್ನಲು ಕಾಗದ ಬೇಕಿಲ್ಲ. ಹಿರಿಯರು ಎಲೆ-ಅಡಿಕೆ ಕೊಡುತ್ತಾರೆ, ಎದುರಿನವನು ಕೈಯೊಡ್ಡಿ ಹಿಡಿಯುತ್ತಾನೆ, ಅಲ್ಲಿಗೆ ಮುಗಿಯಿತು. ಎಲೆ ಹಿಡಿದು ಮಾತು ತಪ್ಪಿದವನನ್ನು ಊರು ಬೇಗ ಮರೆಯುವುದಿಲ್ಲ.

ಸಂತೆಕಲ್ಲೂರಿನ ಅಮರಗುಂಡಪ್ಪ ಸೋಮವಾರ ಕಟ್ಟೆಯ ಮೇಲೆ ಎಲೆ ಹಿಡಿದು ಬಂದಿದ್ದ. ಅದನ್ನು ತಿಂದಿರಲಿಲ್ಲ, ಎಸೆದೂ ಇರಲಿಲ್ಲ. ಗೂಟಕ್ಕೆ ಹಾಕಿದ ಅಂಗಿಯ ಜೇಬಿನಲ್ಲಿ ಅದು ಮೂರು ದಿನದಿಂದ ಬಾಡುತ್ತಿತ್ತು.

ಅವನ ಮಗಳು ದಾನೇಶ್ವರಿಗೆ ಇಪ್ಪತ್ತೊಂದು ವರ್ಷ. ಓಣಿಯ ಹೆಣ್ಣುಮಕ್ಕಳ ಜೊತೆ ಸಿಂಧನೂರು ಕಡೆಯ ಕಾಲುವೆ ಊರಿಗೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಶನಿವಾರ, ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ ಅವಳನ್ನು ಬುತ್ತಿ ತರಲೆಂದು ಪಂಪ್‌ಸೆಟ್ ಕೋಣೆಗೆ ಕಳಿಸಿದ. ಹಿಂದೆಯೇ ಹೋಗಿ ಅವಳ ಮೇಲೆ ಅತ್ಯಾಚಾರ ಮಾಡಿದ. ಅವಳು ಅಂದೇ ತಾಯಿ ಸೂಗಮ್ಮನಿಗೆ ಹೇಳಿದಳು. ಒಂದೇ ಸಲ ಹೇಳಿದಳು. ಆಮೇಲೆ ಮಾತು ನಿಂತಿತು.

ಸೋಮವಾರ ಹಿರಿಯರು ಕೂತರು. ಮೇಸ್ತ್ರಿ ತಪ್ಪಾಯಿತು ಎಂದು ಕಾಲು ಹಿಡಿದ. ಹಿಡಿದದ್ದು ಅಮರಗುಂಡಪ್ಪನ ಕಾಲು. ಹುಡುಗಿಯ ಮದುವೆಗೆ ಕೈಲಾದಷ್ಟು ಕೊಡುತ್ತೇನೆ ಎಂದ. ಎಲೆ-ಅಡಿಕೆ ಬಂತು. ದಾನೇಶ್ವರಿ ಮನೆಯಲ್ಲಿದ್ದಳು.

ಗುರುವಾರ ಬೆಳಿಗ್ಗೆ ವಸೀಮಾ ಬಂದಳು. ಅದೇ ಓಣಿಯಲ್ಲಿ ಬಟ್ಟೆ ಹೊಲಿಯುವವಳು. ಲಿಂಗಸುಗೂರು ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯೂ ಹೌದು. ಕರೆಸಿದವಳು ಸೂಗಮ್ಮ. ಗಂಡನಿಗೆ ಹೇಳಿರಲಿಲ್ಲ.

"ಬಾ ವಸೀಮಾ. ಕುಬುಸ ತಂದೀಯೇನು?" ಎಂದ ಅಮರಗುಂಡಪ್ಪ.

"ಇಲ್ಲ ಕಾಕಾ. ದಾನೇಶ್ವರಿನ್ನ ಮಾತಾಡಸಾಕ ಬಂದೀನಿ."

ಅವನು ಹೆಂಡತಿಯ ಕಡೆ ನೋಡಿದ. ಸೂಗಮ್ಮ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಅದು ಮುಗದೈತವ್ವ," ಎಂದ. "ನಾ ಎಲಿ ಹಿಡದೀನಿ."

"ಎಮ್ಮಿ ಯಾಪಾರಕ್ಕ ಎಲಿ ಹಿಡೀತಾರ, ಮದುವಿ ಮಾತಿಗೆ ಹಿಡೀತಾರ. ಇದು ಯಾವ ಯಾಪಾರ ಕಾಕಾ? ಇಂಥಾ ಕೇಸಿನ್ಯಾಗ ರಾಜಿ ಅನ್ನೂದು ಕಾನೂನಿನ್ಯಾಗ ಇಲ್ಲ. ನಿಮ್ಮ ಎಲಿ ಫಿರ್ಯಾದಿನ್ನ ತಡಿಯಂಗಿಲ್ಲ."

"ಸಿಂಧನೂರಿಗೆ ಹೋಗಿ ಕೊಡಬೇಕಲ್ಲ? ಅಲ್ಲಿ ಅವನ ಮಂದಿನ ಜಾಸ್ತಿ."

"ಯಾಕ ಹೋಗಬೇಕು? ಮಸ್ಕಿ ಠಾಣೆದಾಗ ಕೊಡ್ರಿ. ಎಲ್ಲೇ ನಡೆದಿರಲಿ, ಯಾವ ಠಾಣೆದಾಗ ಕೊಟ್ರೂ ಬರಕೋಬೇಕು. ಇದಕ್ಕ ಜೀರೋ ಎಫ್‌ಐಆರ್ ಅಂತಾರ. ಮುಂದ ಸಿಂಧನೂರಿಗೆ ಅವರ ಕಳಸ್ತಾರ. ಹೇಳಿಕಿ ಹೆಣ್ಣು ಅಧಿಕಾರಿನ ಬರಕೋಬೇಕು. ಎಫ್‌ಐಆರ್ ನಕಲು ಪುಕ್ಕಟ."

ಸೂಗಮ್ಮನ ಕೈ ಮೊರದ ಮೇಲೆ ನಿಂತಿತು. "ನಾ ಅವತ್ತ ಅಕಿ ಸೀರಿ ಒಗದುಬಿಟ್ಟೆ ಬೇ. ಐದು ದಿನ ಆದ್ವು."

"ಒಗೀಬಾರದಿತ್ತು ಕಾಕಿ. ಮೈ ತೊಳಕೊಳ್ಳೂಕಿಂತ ಮೊದಲ ದವಾಖಾನಿಗೆ ಹೋಗಿದ್ರ ಚಲೋ ಇತ್ತು. ಹೋಗ್ಲಿ, ಆದ್ರೂ ತಡ ಆತಂತ ಫಿರ್ಯಾದಿ ಬ್ಯಾಡ ಅನ್ನಂಗಿಲ್ಲ. ಆ ಬಟ್ಟಿ ಕಾಗದದ ಹಾಳ್ಯಾಗ ಸುತ್ತಿ ಪೊಲೀಸರಿಗೆ ಕೊಡ್ರಿ, ಪ್ಲಾಸ್ಟಿಕ್ ಚೀಲದಾಗ ಬ್ಯಾಡ. ಯಾವ ದವಾಖಾನಿ ಇದ್ರೂ, ಸರ್ಕಾರದ್ದಿರಲಿ, ಖಾಸಗಿದಿರಲಿ, ಪುಕ್ಕಟ ಉಪಚಾರ ಮಾಡಬೇಕು. ತಪಾಸಣಿಗೆ ಅಕಿ ಒಪ್ಪಿಗಿ ಬೇಕು. ಒಪ್ಪಲಿಲ್ಲಂದ್ರೂ ಔಷಧ ಕೊಡಾಕಬೇಕು."

"ಪೇಪರಿನ್ಯಾಗ ಬಂದ್ರ?" ಅಮರಗುಂಡಪ್ಪನ ದನಿ ತಗ್ಗಿತು.

"ಹೆಸರು ಹಾಕಂಗಿಲ್ಲ. ಹಾಕಿದ್ರ ಅದ ಒಂದು ಅಪರಾಧ. ವಕೀಲರ್ನ ಸಮಿತಿನ ಕೊಡ್ತೈತಿ, ಫೀಸಿಲ್ಲ. ಪರಿಹಾರಕ್ಕ ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಅರ್ಜಿ ಹಾಕಬಹುದು."

"ಮಾನಕ್ಕ ರೊಕ್ಕ ತಗೋ ಅಂತೀಯೇನು?" ಅವನು ಎದ್ದು ನಿಂತ.

"ಅಂವ ಮದುವಿ ಖರ್ಚು ಕೊಡ್ತೀನಂದಾಗ ಇದು ನೆನಪಾಗಲಿಲ್ಲೇನ್ರಿ?"

ಅವನು ಮತ್ತೆ ಕೂತ.

ವಸೀಮಾ ದನಿ ಇಳಿಸಿದಳು. "ಅದು ಮಾನದ ಬೆಲಿ ಅಲ್ಲ ಕಾಕಾ. ಅವನ ರೊಕ್ಕಾನೂ ಅಲ್ಲ, ಸರ್ಕಾರದ್ದು. ಉಪಚಾರಕ್ಕ, ಹೋದ ಕೂಲಿಗೆ, ಅಕಿ ಮತ್ತ ತನ್ನ ಕಾಲ ಮ್ಯಾಲ ನಿಲ್ಲಾಕ. ಎಷ್ಟು ಅನ್ನೂದು ಪ್ರಾಧಿಕಾರ ನೋಡಿ ಹೇಳ್ತೈತಿ. ಕೇಸು ಮುಗಿಯೂತನಕ ಕಾಯಬೇಕಂತಿಲ್ಲ, ಮಧ್ಯಂತರ ಪರಿಹಾರ ಮೊದಲ ಕೇಳಬಹುದು. ಅವನಿಗೆ ಶಿಕ್ಷಾ ಆಗದಿದ್ರೂ ಅರ್ಜಿ ಹಾಕಾಕ ಬರ್ತೈತಿ."

ಆಮೇಲೆ ಅವಳು ಒಳಗೆ ಹೋಗಿ ದಾನೇಶ್ವರಿಯ ಪಕ್ಕದಲ್ಲಿ, ನೆಲದ ಮೇಲೆ ಕೂತಳು.

"ನಿನಗೇನು ಬೇಕವ್ವ? ಬ್ಯಾಡ ಅಂದ್ರ ನಾ ಎದ್ದು ಹೋಗ್ತೀನಿ. ಬೇಕಂದ್ರ ಸಂಗಾಟ ಬರ್ತೀನಿ."

ಐದು ದಿನಗಳಲ್ಲಿ ಈ ಪ್ರಶ್ನೆ ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಅದು ಅಮರಗುಂಡಪ್ಪನಿಗೆ ಈಗ ತಿಳಿಯಿತು. ವಸೀಮಾ ಏಳಲಿಲ್ಲ. ಹೊರಗೆ ಮಸ್ಕಿಯ ಆಟೋ ಒಂದು ಹಾರ್ನ್ ಹೊಡೆದು, ಕಾದು, ಹೋಯಿತು.

"ಎಪ್ಪಾ," ಎಂದಳು ದಾನೇಶ್ವರಿ. "ಎಲಿ ಹಿಡದಾಂವ ನೀ. ನಾ ಹಿಡದಿಲ್ಲ."

ಅಮರಗುಂಡಪ್ಪ ಗೂಟದ ಅಂಗಿ ತೆಗೆದು ತೊಟ್ಟುಕೊಂಡ. ಜೇಬಿನ ಎಲೆ ಪುಡಿಯಾಗಿತ್ತು. ಅದನ್ನು ಬಾಗಿಲಾಚೆ ಕೊಡವಿದ.

"ಮುಂದಿನ ಆಟೋ ಎಷ್ಟೊತ್ತಿಗೈತಿ?" ಎಂದು ಕೇಳಿದ.

ಮಸ್ಕಿ ಠಾಣೆಯಲ್ಲಿ ಮಹಿಳಾ ಅಧಿಕಾರಿ ಕಾಗದ ಮುಂದಿಟ್ಟುಕೊಂಡು, "ಏನಾಯಿತು, ಹೇಳಿ" ಎಂದರು. ಅಮರಗುಂಡಪ್ಪ ರೂಢಿಯಂತೆ ಬಾಯಿ ತೆರೆದ. ಮಗಳ ಕಡೆ ನೋಡಿದ. ಬಾಯಿ ಮುಚ್ಚಿ, ಹೊರಗೆ ಹೋಗಿ ಬೆಂಚಿನ ಮೇಲೆ ಕೂತ.

ಒಳಗೆ ದಾನೇಶ್ವರಿ ಹೇಳತೊಡಗಿದಳು.

ಓದುತ್ತಿರುವ ಅಕ್ಕ, ಅಣ್ಣ, ಇಂಥ ಎಲೆ ನಿಮ್ಮ ಓಣಿಯಲ್ಲೂ ಯಾರದೋ ಜೇಬಿನಲ್ಲಿ ಬಾಡುತ್ತಿರಬಹುದು. ಕಟ್ಟೆಯ ರಾಜಿಗೆ ಕೈಯೊಡ್ಡಬೇಡಿ. ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181, ಉಚಿತ ಕಾನೂನು ನೆರವಿಗೆ 15100, ಮಕ್ಕಳ ವಿಷಯವಾದರೆ 1098ಕ್ಕೆ ಕರೆ ಮಾಡಿ. ಆದಷ್ಟು ಬೇಗ ಮಾಡಿ. ತಡವಾಗಿದ್ದರೂ ಮಾಡಿ. ಅದಕ್ಕೂ ಮೊದಲು ಅವಳ ಪಕ್ಕದಲ್ಲಿ ಕೂತು, ನಿನಗೇನು ಬೇಕು ಎಂದು ಕೇಳಿ. ಉತ್ತರ ಬರುವ ತನಕ ಏಳಬೇಡಿ.