ಮೋನಿಕಮ್ಮನ ತಲೆಯ ಮೇಲೊಂದು ಕೈ

ಅತ್ತೆ ಮೋನಿಕಮ್ಮನ ಉಗುರಿನ ಸಂದಿಯಲ್ಲಿ ಒಣಗಿದ್ದ ಮೈದಾ ಹಿಟ್ಟನ್ನು ಶೀಲಾ ಒದ್ದೆ ಬಟ್ಟೆಯಿಂದ ಬಿಡಿಸುತ್ತಿದ್ದಳು. ಚರ್ಚಿನಲ್ಲಿ ಭಾನುವಾರದ ಪ್ರಭುಭೋಜನಕ್ಕೆ ರೊಟ್ಟಿ ಕಲಸುತ್ತಲೇ ಅವರು ಒಲೆಯ ಮುಂದೆ ಒರಗಿ ಪ್ರಾಣ ಬಿಟ್ಟಿದ್ದರು.

"ಮೆತ್ತಗೆ ಉಜ್ಜೇ. ಅವಳಿಗೆ ಕಚಗುಳಿ ಜಾಸ್ತಿ," ಎಂದಳು ಪಕ್ಕದ ಮನೆಯ ಚಿನ್ನಮ್ಮ, ಅತ್ತೆಯ ಜೊತೆ ಎಸ್ಟೇಟಿನಲ್ಲಿ ಕಾಫಿ ಕುಯ್ದೇ ಮುದುಕಿಯಾದವಳು. ಹೇಳಿ ಮೂಗು ಒರೆಸಿಕೊಂಡಳು.

ಹೊರಗೆ ಕೂಲಿ ಲೈನಿನ ಮನೆಗಳ ಅಂಗಳದಲ್ಲಿ ಗಂಡಸರು ಕಾಯುತ್ತಿದ್ದರು. ಸುರೇಂದ್ರ ಪಾದ್ರಿಗಳ ಧ್ವನಿ ಬೇರೆಯಾಗಿಯೇ ಕೇಳುತ್ತಿತ್ತು. ಅತ್ತೆಗೆ ಕೊನೆಯ ಆಶೀರ್ವಾದ ನಾನು ಕೊಡಲೇ, ಹಾಗೆಂದು ಅವರಿಗೆ ಮಾತು ಕೊಟ್ಟಿದ್ದೇನೆ ಎಂದು ಬೆಳಿಗ್ಗೆ ಶೀಲಾ ಪಾದ್ರಿಗಳನ್ನು ಕೇಳಿದ್ದಳು.

"ದುಃಖದಲ್ಲಿದ್ದೀಯ, ಅದಕ್ಕೇ ಸುಮ್ನಿದ್ದೀನಿ," ಎಂದಿದ್ದರು ಅವರು. "ಹೆಂಗಸು ಆಶೀರ್ವಾದ ಕೊಡೋದು ನಮ್ಮ ಸಭೇಲಿ ಇಲ್ಲಮ್ಮ."

*

ಹಿಂದೊಮ್ಮೆ ಘಾನಾ ದೇಶದ ಎಫುವಾ ಎಂಬ ಹೆಂಗಸು ಹಾಸನದ ಕ್ರೈಸ್ತ ಸ್ತ್ರೀಯರ ಕೂಟಕ್ಕೆ ಬಂದವರು ಹಾನುಬಾಳಿನ ಈ ಮನೆಯಲ್ಲಿ ಉಳಿದಿದ್ದರು. ಅವರೂ ಪಾದ್ರಿಯೇ ಎಂದರೆ ಮೋನಿಕಮ್ಮ ಮೊದಲು ನಂಬಲಿಲ್ಲ. ಅಕ್ಕಿರೊಟ್ಟಿ ತಟ್ಟುತ್ತಿದ್ದವರ ಪಕ್ಕ ಕುಕ್ಕರಗಾಲಲ್ಲಿ ಕೂತು ಎಫುವಾ ಹೇಳಿದ್ದನ್ನು ಶೀಲಾ ಕನ್ನಡಕ್ಕೆ ತಂದಳು.

"ಅವರ ಊರಲ್ಲೂ ರೊಟ್ಟಿ ಸುಡೋದು ಹೆಂಗಸ್ರಂತೆ, ಚರ್ಚಲ್ಲಿ ಅದನ್ನ ಮುರಿದು ಹಂಚೋದು ಗಂಡಸ್ರಂತೆ, ಅತ್ತೆ. ಯೇಸು ಎದ್ದ ಸುದ್ದಿ ತಂದೋರು ಹೆಂಗಸ್ರು. ಆಮೇಲೆ ನಮ್ಮನ್ನ ಹಿಂದಿನ ಬೆಂಚಿಗೆ ಕಳಿಸಿದ್ಯಾರು ಅಂತ ಕೇಳ್ತಾವ್ರೆ."

"ಯಾರಂತೆ? ಹೆಸರು ಹೇಳಕ್ಕೆ ಹೇಳು, ಹೋಗಿ ವಿಚಾರಿಸ್ಕೊಂಡು ಬರ್ತೀನಿ," ಎಂದು ಮೋನಿಕಮ್ಮ ನಕ್ಕಿದ್ದರು.

ಹೊರಡುವಾಗ ಎಫುವಾ ಮೋನಿಕಮ್ಮನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಜೀಪು ಮರೆಯಾದ ಮೇಲೂ ಮೋನಿಕಮ್ಮ ಅಲ್ಲೇ ನಿಂತಿದ್ದರು.

"ಒಲೆ ಮುಂದೆ ಕೂತಿದ್ದ ಕೈ ಕಣೇ. ನಾನು ಹೋಗೋವಾಗ್ಲೂ ಅಂಥದೊಂದು ಕೈ ಇರ್ಲಿ. ನಿಂದೇ ಇರ್ಲಿ."

*

ಸೀರೆ ಉಡಿಸಿದ್ದಾಯಿತು. ಚಿನ್ನಮ್ಮ ಎದ್ದು ಚಿಲಕ ಹಾಕಿದಳು. ಹೆಂಗಸಿನ ಹೆಣ ತೊಳೆದು ಉಡಿಸುವ ತನಕ ಗಂಡಸರು ಒಳಗೆ ಬರುವಂತಿಲ್ಲ, ಪಾದ್ರಿಯೂ. ಉಡಿಸಿ ಮುಗಿದದ್ದು ಹೊರಗಿನವರಿಗೆ ತಿಳಿದಿರಲಿಲ್ಲ.

"ಈಗ ಆಶೀರ್ವಾದ ಮಾಡು," ಎಂದಳು.

"ಗೊತ್ತಾದ್ರೆ, ಚಿನ್ನಮ್ಮತ್ತೆ?"

"ಗಂಡಸ್ರು ಬರಬಾರ್ದು ಅನ್ನೋ ಪದ್ಧತೀನ ಅವ್ರೇ ಮಾಡವ್ರೆ. ಪಾಲಿಸ್ತಾ ಕೂತ್ಕಳ್ಲಿ."

ಶೀಲಾ ಅತ್ತೆಯ ತಲೆಯ ಮೇಲೆ ಕೈಯಿಟ್ಟಳು. ಪ್ರತಿ ಭಾನುವಾರ ಕೇಳಿದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಅತ್ತೆ," ಎಂದಳು. "ಸಾಕು, ಕೈ ತೊಳ್ಕೊಂಡು ಕೂತ್ಕಳಿ. ಇನ್ಮೇಲೆ ದೇವರೇ ನಿಮಗೆ ಬಡಿಸ್ಲಿ. ಬಿಸಿಬಿಸೀದು ಬಡಿಸ್ಲಿ. ಆಮೆನ್."

"ಆಮೆನ್," ಎಂದಳು ಚಿನ್ನಮ್ಮ. ಗೆಳತಿಯ ಸೆರಗು ಸರಿಮಾಡುತ್ತಾ, "ನಂಗೂ ನೀನೇ ಬಾ," ಎಂದಳು.

*

ಸಮಾಧಿಯ ಗುಂಡಿಯ ಅಂಚಿನಲ್ಲಿ ನಿಂತು ಪಾದ್ರಿಗಳು ಆಶೀರ್ವದಿಸಿದರು. ಗಂಡ ನವೀನ್‌ಕುಮಾರ್ ಶೀಲಾಳ ಕಿವಿಯ ಬಳಿ ಬಗ್ಗಿದ. ಅವನ ಕಣ್ಣು ಕೆಂಪಾಗಿತ್ತು.

"ಅವ್ವನ ಆಸೆ ಒಂದು ಹಂಗೇ ಉಳ್ಕಬುಡ್ತು. ಬೇಜಾರು ಮಾಡ್ಕಬ್ಯಾಡ ಕಣೇ."

ಹೇಳಿಬಿಡಬೇಕೆಂದು ಅವಳ ಬಾಯಿ ತೆರೆಯಿತು. ಹೇಳಿದರೆ ಇವನಿಗೆ ಸಮಾಧಾನ. ಆ ಸಮಾಧಾನದಲ್ಲಿ ಇವನು ಇನ್ನೊಬ್ಬನಿಗೆ ಹೇಳುತ್ತಾನೆ. ಹೆಂಗಸು ಕೊಟ್ಟ ಆಶೀರ್ವಾದ ಸಲ್ಲುತ್ತದೋ ಇಲ್ಲವೋ ಎಂದು ಸಭೆಯ ಹಿರಿಯರು ಕೂತು ತೀರ್ಮಾನಿಸುತ್ತಾರೆ. ಮುಂದಿನ ಸಲ ಹೆಂಗಸರ ಆ ಮುಚ್ಚಿದ ಬಾಗಿಲೂ ಉಳಿಯುವುದಿಲ್ಲ.

"ಹೂಂ," ಎಂದಳು.

ಗುಂಡಿಯ ಆಚೆ ಚಿನ್ನಮ್ಮ ಎಲ್ಲರಿಗಿಂತ ಹೆಚ್ಚು ಭಯಭಕ್ತಿಯಿಂದ ತಲೆ ತಗ್ಗಿಸಿ ನಿಂತಿದ್ದಳು. ಯಾರಿಗೂ ಹೇಳುವುದಿಲ್ಲವೆಂದುಕೊಂಡು ಶೀಲಾಳೂ ತಲೆ ತಗ್ಗಿಸಿದಳು.