ಬೇರೆ ವಾಸ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಪಟ್ಟಿಯಮ್ಮ ಅಂತಲೇ ಕರೆಯುತ್ತಿದ್ದರು. ಏಳು ಇಲಾಖೆಗಳ ಕಂಪ್ಯೂಟರುಗಳು ಏಳು ರಾಗ ಹಾಡುತ್ತಿದ್ದವು. ಒಂದರಲ್ಲಿ ಒಂದನೇ ನಂಬರು ಅಂದರೆ ಗಂಡಸು, ಇನ್ನೊಂದರಲ್ಲಿ ಅದೇ ಒಂದು ಅಂದರೆ ಹೆಂಗಸು. ಎಲ್ಲಕ್ಕೂ ಸೇರಿ ಒಂದೇ ಪಟ್ಟಿ ಮಾಡಿ, ಯಾವ ಹಳೆಯ ನಂಬರು ಯಾವ ಹೊಸ ನಂಬರಿಗೆ ಸೇರಬೇಕೆಂದು ಬರೆಯುವುದು ಅವಳ ಕೆಲಸ. ಅದು ಮುಗಿದರೆ ಜನ ಆನ್‌ಲೈನ್‌ನಲ್ಲಿ ಒಂದು ಸಲ ಫಾರಂ ತುಂಬಿದರೆ ಸಾಕು, ಏಳು ಬಾಗಿಲು ಅಲೆಯಬೇಕಿರಲಿಲ್ಲ.

ವೈವಾಹಿಕ ಸ್ಥಿತಿಗೆ ಬಂದಾಗ ಗಂಟು ಬಿತ್ತು. ಆರು ಇಲಾಖೆಗಳಲ್ಲಿ ನಾಲ್ಕೇ ಆಯ್ಕೆ: ಅವಿವಾಹಿತರು, ವಿವಾಹಿತರು, ವಿಚ್ಛೇದಿತರು, ಸಂಗಾತಿಯನ್ನು ಕಳೆದುಕೊಂಡವರು. ನೋಂದಣಿ ಇಲಾಖೆಯಲ್ಲಿ ಮಾತ್ರ ಐದನೆಯದೊಂದಿತ್ತು, 'ಬೇರೆ ವಾಸ'.

"ಅದೇನ್ರೀ ಅದು, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ," ಅಂದರು ಸಮಿತಿಯ ಅಧ್ಯಕ್ಷರು. "ವಿಚ್ಛೇದಿತರ ಜೊತೆ ಸೇರಿಸಿಬಿಡಿ."

"ಸರ್, ಅವರಿಗೆ ವಿಚ್ಛೇದನ ಆಗಿಲ್ಲ."

"ಇವತ್ತಲ್ಲ ನಾಳೆ ಆಗುತ್ತೆ ಬಿಡಿ."

ಯಾರೋ ನಕ್ಕರು. ಊಟದ ಹೊತ್ತು ಮೀರಿತ್ತು. ಗಂಡನನ್ನು ಬಿಟ್ಟು ತನ್ನ ಮನೆಯಲ್ಲೇ ಇದ್ದ ತಂಗಿಯ ನೆನಪು ಬರದೆ ಇರಲಿಲ್ಲ. ಅವಳೇನೂ ಅದನ್ನೆಲ್ಲ ಫಾರಂನಲ್ಲಿ ಬರೆದಿರಲಾರಳು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು, ಪಟ್ಟಿಯಮ್ಮ ಐದರ ಮುಂದೆ ವಿಚ್ಛೇದಿತರ ನಂಬರು ಮೂರು ಅಂತ ಬರೆದಳು.

ತಂಗಿ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಎಂಟು ತಿಂಗಳ ಹಿಂದೆ ಒಂದು ಸೂಟ್‌ಕೇಸ್ ಹಿಡಿದು ಅಕ್ಕನ ಮನೆಗೆ ಬಂದಿದ್ದಳು. ಗಂಡನಿಗೆ ಕನ್ನಡಕದ ಅಂಗಡಿ. ಕೆಟ್ಟವನಲ್ಲ, ಮಾತಿಗೆ ಮಾತು ಬೆಳೆದರೆ ಇಬ್ಬರಲ್ಲಿ ಯಾರೂ ಬಗ್ಗುವವರಲ್ಲ, ಅಷ್ಟೆ. ಈಚೆಗೆ ಪ್ರತಿ ಭಾನುವಾರ ಇಬ್ಬರೂ ಪಾರ್ಕಿನಲ್ಲಿ ಭೇಟಿಯಾಗುತ್ತಿದ್ದರು. "ಹೊಸ ಮನೆ ನೋಡೋಣ ಅಂದ್ರು ಅಕ್ಕ," ಅಂತ ತಂಗಿ ಹೇಳಿದ್ದಳು, ನಗು ಕಾಣಬಾರದೆಂದು ಮುಖ ಆ ಕಡೆ ತಿರುಗಿಸಿಕೊಂಡು.

ಹೊಸ ಪಟ್ಟಿ ಜಾರಿಗೆ ಬಂದ ವಾರವೇ ಅವನು ಫೋನ್ ಎತ್ತುವುದನ್ನು ನಿಲ್ಲಿಸಿದ. ಭಾನುವಾರ ತಂಗಿ ಎರಡು ಗಂಟೆ ಕಾದು ವಾಪಸು ಬಂದು, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

"ನಾನೇನು ಮಾಡ್ದೆ ಅಕ್ಕ?"

ಪಟ್ಟಿಯಮ್ಮ ಅವಳ ಎದುರಿಗೆ ಬಂದು ಕೂತಳು. "ಇಲ್ಲಿಗೆ ಬಂದ್ಮೇಲೆ ನೋಂದಣಿ ಇಲಾಖೆಯಲ್ಲಿ ವಿಳಾಸ ಬದಲಾಯಿಸಿದ್ಯಲ್ಲ, ಆ ಫಾರಂನಲ್ಲಿ ಏನಂತ ಬರೆದೆ?"

"ಇದ್ದಿದ್ದು ಇದ್ದ ಹಾಗೆ. ಬೇರೆ ವಾಸ ಅಂತ."

ಮರುದಿನ ರಜೆ ಹಾಕಿ ಪಟ್ಟಿಯಮ್ಮ ಕನ್ನಡಕದ ಅಂಗಡಿಗೆ ಹೋದಳು. ತಂಗಿಯ ಗಂಡ ಡ್ರಾಯರಿನಿಂದ ಒಂದು ಕಾಗದ ತೆಗೆದು ಗಾಜಿನ ಮೇಲಿಟ್ಟ. 'ನಿಮ್ಮ ಮಾಜಿ ಪತ್ನಿಯ ದಾಖಲೆ ನವೀಕರಣಗೊಂಡಿದೆ. ಕುಟುಂಬದ ಆರೋಗ್ಯ ವಿಮೆಯಿಂದ ಅವರ ಹೆಸರನ್ನು ತೆಗೆಯಲಾಗಿದೆ.'

"ಒಂದು ಮಾತು ಹೇಳಬಹುದಿತ್ತು ಅತ್ತಿಗೆ. ನನ್ನೆದುರಿಗೆ ಹೊಸ ಮನೆಗೆ ಹೂಂ ಅನ್ನೋದು, ಬೆನ್ನ ಹಿಂದೆ ಅರ್ಜಿ ಹಾಕೋದು!"

"ಕೋರ್ಟಿಲ್ಲದೆ ಹೇಗೆ ಆಗುತ್ತೆ ಅಂತ ಯೋಚನೆ ಮಾಡಲಿಲ್ವಾ?"

"ಈಗ ಎಲ್ಲಾ ಆನ್‌ಲೈನ್ ಅಲ್ವಾ? ನನಗೇನು ಗೊತ್ತು?"

"ಅವಳು ಏನೂ ಮಾಡಿಲ್ಲ. ಮಾಡಿದ್ದು ನಾನು." ಐದು ಮೂರಾದ ಕಥೆಯನ್ನು ಅವಳು ಒಂದೂ ಬಿಡದೆ ಹೇಳಿದಳು. ಅವನು ಕೈಯಲ್ಲಿದ್ದ ಮಸೂರವನ್ನು ಒರೆಸುತ್ತಲೇ ಕೇಳಿದ.

"ಕಾಗದ ಸುಳ್ಳು, ಒಪ್ಪಿದೆ," ಅಂದ ಕೊನೆಗೆ. "ಮೊದಲ ದಿನ ಸಿಟ್ಟು ಬಂತು. ಆಮೇಲೆ ಅಳು. ನಾಲ್ಕನೇ ದಿನ ಎದ್ದಾಗ ಎದೆ ಮೇಲಿನ ಕಲ್ಲು ಇಳಿಸಿದ ಹಾಗಿತ್ತು ಅತ್ತಿಗೆ. ಅದು ಸುಳ್ಳಲ್ಲ. ಏನು ಮಾಡಲಿ ಹೇಳಿ?"

ಅವಳು ಕಾಗದವನ್ನು ಮಡಚಿ ಅವನ ಕಡೆಗೇ ಸರಿಸಿದಳು.

ಮನೆಗೆ ಬಂದು ತಂಗಿಗೆ ನಡೆದದ್ದನ್ನೆಲ್ಲ ಹೇಳಿದಳು, ಆ ಕಲ್ಲಿನ ಮಾತೊಂದನ್ನು ಬಿಟ್ಟು. ಅದನ್ನು ಅವನೇ ಹೇಳಬೇಕು. ತಂಗಿ ಒಗೆದ ಬಟ್ಟೆ ಮಡಚುತ್ತಿದ್ದಳು.

"ತಪ್ಪು ಅಂತ ನಿಂಗೆ ಆವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ಒಂದು ಸಲ ಹೇಳಿದೆ. ಎಲ್ಲರಿಗೂ ಹಸಿವಾಗಿತ್ತು..."

ತಂಗಿ ಮಡಚಿದ್ದನ್ನು ಮಂಚದ ಮೇಲೆ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂದಿನ ಸಭೆಗೆ ಪಟ್ಟಿಯಮ್ಮ ಲೆಕ್ಕ ತೆಗೆದುಕೊಂಡು ಹೋದಳು. ಒಂದೇ ರಾತ್ರಿಯಲ್ಲಿ ಸಾವಿರದ ಒಂಬೈನೂರು ಜನರಿಗೆ ತಾವು ವಿಚ್ಛೇದನ ಕೊಡಿಸಿದ್ದೇವೆ ಅಂದಳು. ಈ ಸಲ ಯಾರೂ ನಗಲಿಲ್ಲ. ಅಧ್ಯಕ್ಷರು "ಮೊದಲೇ ಗಟ್ಟಿಯಾಗಿ ಹೇಳಬಾರದಿತ್ತೇನ್ರೀ?" ಅಂದಾಗ ಅವಳಿಗೆ ರೋಷ ಉಕ್ಕಿತು, ಆದರೆ ತನ್ನ ಮನಸ್ಸೂ ಅದನ್ನೇ ಕೇಳುತ್ತಿತ್ತು. ಆರು ವಾರದಲ್ಲಿ ಏಳೂ ಇಲಾಖೆಗಳಿಗೆ ಐದನೇ ಆಯ್ಕೆ ಬಂತು. ವಿಷಾದದ ಕಾಗದಗಳು ಹೋದವು.

ತಂಗಿಯ ಗಂಡ ಪಾರ್ಕಿಗೆ ಒಂದೇ ಒಂದು ಸಲ ಬಂದ, ಹೇಳಬೇಕಾದ್ದನ್ನು ಹೇಳಿದ, ಈ ಬಾರಿ ನಿಜವಾಗಿಯೂ ಕೋರ್ಟಿಗೆ ಅರ್ಜಿ ಹಾಕಿದ. ತಂಗಿ ಸಹಿ ಮಾಡಿದಳು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು.

ಸಾಮಾನು ಸಾಗಿಸುವ ದಿನ ಅಕ್ಕನೂ ಹೋದಳು. ಮೆಟ್ಟಿಲ ಮೇಲೆ ಉಸಿರು ಸುಧಾರಿಸಿಕೊಳ್ಳುತ್ತಾ ತಂಗಿ ಅಂದಳು, "ನೀನು ಆ ಮೂರನ್ನ ಬರೀದೆ ಇದ್ರೂ ಹೀಗೇ ಆಗ್ತಿತ್ತೋ ಏನೋ."

"ಆಗ್ತಿರಲಿಲ್ವೋ ಏನೋ," ಅಂದಳು ಅಕ್ಕ.

ತಂಗಿ ಬಗ್ಗಿ ಮಂಚದ ಒಂದು ತುದಿ ಹಿಡಿದು, "ಆ ಕಡೆ ಎತ್ತು," ಅಂದಳು.